ಮುಂದಿನ ಚಕ್ರ ನನ್ನ ಹತ್ತಿರ ಇದೆ

ಇಜಾಜ್, ಸೈಕಲ್ಲಿನ ಮುಂದಿನ ಚಕ್ರ ಹುಡುಕಬೇಡಿ. ಬಿಚ್ಚಿ ಕಾರಿನಲ್ಲಿ ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದೇನೆ.

ಮೊಣಕಾಲಿನ ಗಾಯ ಗೇಟು ತಗುಲಿ ಆದದ್ದು ಅಂದಿರಲ್ಲ, ಪಕ್ಕದ ಮನೆಯ ಮಯೂರ್ ನಿನ್ನೆ ಎಲ್ಲ ಹೇಳಿದ. ಸೈಕಲ್ಲಿಂದ ಬಿದ್ದು, ದ್ರಾಕ್ಷಿ ತೋಟದ ಬೇಲಿ ಹಿಡಿದು ನಡುಗುತ್ತಾ ಕೂತಿದ್ದಿರಂತೆ. "ಅಂಕಲ್, ಜ್ಯೂಸ್ ಆದ್ರೂ ಕುಡೀರಿ" ಅಂದರೆ, "ರೋಜಾ ಉಪವಾಸ ಇದೀನಪ್ಪಾ, ಆಂಟಿಗೆ ಮಾತ್ರ ಹೇಳ್ಬೇಡ" ಅಂದಿರಂತೆ. ದಿನಾ ನಾನು ಇಟ್ಟುಹೋಗುವ ತಿಂಡಿ ಯಾರ ಹೊಟ್ಟೆ ಸೇರುತ್ತಿತ್ತೋ.

ಸಕ್ಕರೆ ಕಾಯಿಲೆಯವರು ರೋಜಾ ಬಿಟ್ಟು ಬಡವರಿಗೆ ಊಟ ಹಾಕಿದರೆ ಸಾಕು ಎಂದು ನಿಮ್ಮ ತಂಗಿಯ ಗಂಡನಿಗೆ ಬುದ್ಧಿ ಹೇಳಿದವರು ನೀವೇ.

ಡಬ್ಬಿಯಲ್ಲಿ ಉಪ್ಪಿಟ್ಟಿದೆ. ಎದ್ದ ಕೂಡಲೇ ತಿಂದು ಮಾತ್ರೆ ನುಂಗಿ. ಹನ್ನೊಂದಕ್ಕೆ ಮಯೂರ್ ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ. ಅವನ ಮೇಲೆ ಸಿಟ್ಟಾಗಬೇಡಿ.

ಫ್ರಾನ್ಸಿನ ನದಿ ದಂಡೆಯಲ್ಲಿ ಹತ್ತು ದಿನ ನಿಧಾನಕ್ಕೆ ಸೈಕಲ್ ತುಳಿಯೋಣ ಅಂತ ಆಸೆ ಹುಟ್ಟಿಸಿದ್ದು ನೀವು. ಡಾಕ್ಟರು ಬೇಡ ಅಂದರೆ ಬಿಟ್ಟುಬಿಡೋಣ, ನನಗೆ ಬೇಸರವಿಲ್ಲ. ಇಲ್ಲಿ ನಮ್ಮೂರು ನೆಲ್ಸನ್‌ನಲ್ಲಾದರೆ ನಿಮ್ಮನ್ನು ಕಂಡು ಮಯೂರ್ ತನ್ನ ಯೂಟ್ ಗಾಡಿ ನಿಲ್ಲಿಸಿದ. ಅಲ್ಲಿ ನೀವು ನನ್ನ ಹಿಂದೆ ಎಲ್ಲೋ ಬಿದ್ದರೆ, ಗೊತ್ತಿಲ್ಲದ ಭಾಷೆಯಲ್ಲಿ ನಾನು ಯಾರನ್ನು ಏನೆಂದು ಕೂಗಲಿ?

ಮಾಸೂಮಾ