ಸಂದಿಯ ಕಡೆಯ ಕಿಟಕಿ

ಮಂಜುಳಮ್ಮನವರಿಗೆ ಶರಣು.

‘ಗೋಡೆ ನೋಡೋಕೆ ಕಿಟಕಿ ಯಾಕೆ ಪ್ರಭಣ್ಣ, ಮುಚ್ಚಿಸ್ಬುಡಿ’ ಅಂದು ನಿನ್ನೆ ಫೋನ್ ಇಟ್ಟುಬಿಟ್ಟಿರಲ್ಲ, ಅದಕ್ಕೆ ಏನು ಹೇಳಬೇಕಿತ್ತು ಅನ್ನುವುದು ನನಗೆ ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ. ಫೋನಿನಲ್ಲಿ ನನ್ನ ಮಾತು ಎಲ್ಲೆಲ್ಲೋ ಹೋಗುತ್ತದೆ. ಬಸವಮ್ಮ ಇದ್ದಾಗ ನಡುವೆ ಬಾಯಿ ಹಾಕಿ ದಾರಿಗೆ ತರುತ್ತಿದ್ದಳು. ಈಗ ತಡೆಯುವವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನಾದರೆ ನೀವು ಅರ್ಧಕ್ಕೆ ಇಡಲಾರಿರಿ ಅಂತ ಒಂದು ನಂಬಿಕೆ.

ನಿಮಗೆ ಪೂರ್ತಿ ವಿಷಯ ಹೇಳಿಯೇ ಇಲ್ಲ ನಾನು. ನಮ್ಮ ಸಂತೆಪೇಟೆ ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ್ದು ನಿಮಗೆ ಗೊತ್ತು. ಮುಂದಿನ ಮಾಡು ಬಾಗಿದೆ. ರಿಪೇರಿಗೆ ಅನುಮತಿ ಬೇಕೆಂದು ನಮ್ಮ ಹುಡುಗ ಶಿವಕುಮಾರ ಅರ್ಜಿ ಹಾಕಿದ. ಸಮಿತಿಯವರು ಬಂದರು, ತಟ್ಟಿ ನೋಡಿದರು, ಫೋಟೋ ತೆಗೆದರು. ಮಾಡು ರಿಪೇರಿ ಮಾಡಿಕೊಳ್ಳಿ, ಆದರೆ ಅಡುಗೆಮನೆಯ ಪಕ್ಕದ ಕಿಟಕಿ ಆಮೇಲೆ ಒಡೆದದ್ದು, ಅದನ್ನು ಮುಚ್ಚಿ ಗೋಡೆಯನ್ನು ಮೊದಲಿದ್ದ ಹಾಗೆ ಮಾಡಬೇಕು ಎಂದು ಇಂಗ್ಲಿಷಿನಲ್ಲಿ ನೋಟಿಸು ಬಂತು. ಅದರಲ್ಲಿ ಒಂದು ಮಾತಿತ್ತು: ಅನ್‌ಸಿಂಪಥೆಟಿಕ್ ಆಲ್ಟರೇಷನ್.

ನನ್ನ ಇಂಗ್ಲಿಷು ಬಿ.ಎ. ಎರಡನೇ ವರ್ಷಕ್ಕೆ ನಿಂತದ್ದು. ಅಂಗಡಿಯಲ್ಲಿ ವಿಭೂತಿ ಗಟ್ಟಿ, ಊದುಬತ್ತಿ ಮಾರುವವನಿಗೆ ಅಷ್ಟು ಸಾಕಿತ್ತು. ಅನ್ ಅಂದರೆ ಇಲ್ಲ, ಸಿಂಪಥಿ ಅಂದರೆ ಮರುಕ. ಮರುಕವಿಲ್ಲದ ಬದಲಾವಣೆ! ಆ ಕಿಟಕಿ ಮಾಡಿಸಿದವಳು ಯಾರು? ನನಗೆ ಕೋಪ ಬಂತು, ಮಂಜುಳಮ್ಮ. ಬಹಳ ದಿನಗಳ ಮೇಲೆ ಬಂತು.

ನೀವು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡ ವರ್ಷ ಅದು. ನಮ್ಮೆರಡು ಮನೆಗಳ ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟು ಸಂದಿ. ಆದರೂ ಬಸವಮ್ಮ ಬೀದಿಗೆ ಹೋಗಿ, ಸುತ್ತು ಹಾಕಿ, ನಿಮ್ಮ ತೊಟ್ಟಿ ದಾಟಿ ಬರುವಷ್ಟರಲ್ಲಿ ಸಾರು ಆರಿರುತ್ತಿತ್ತು. ಆರಿದ ಸಾರು ನಿಮಗೆ ಸೇರದು. ಒಂದು ದಿನ ನಾನು ಅಂಗಡಿಯಿಂದ ಬರುವಾಗ ಗಾರೆಯವನು ನಿಮ್ಮ ಅಡುಗೆಮನೆ ಕಿಟಕಿಗೆ ಎದುರಾಗಿ ನಮ್ಮ ಗೋಡೆ ಒಡೆಯುತ್ತಿದ್ದ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ‘ಪಾತ್ರೆ ಹೋಗೋಷ್ಟು ಮಾಡು ಸಾಕು ಕಣಪ್ಪ, ತಲೆ ಹೋಗೋಷ್ಟು ಬ್ಯಾಡ. ಇವರು ಇಣುಕ್ತಾರೆ’ ಅಂತ ನನ್ನ ಎದುರಿಗೇ ಹೇಳಿದಳು. ನೀವು ಆ ಕಡೆಯಿಂದ, ಮಂಚದ ಮೇಲಿಂದಲೇ ನಕ್ಕದ್ದು ಕೇಳಿಸಿತು. ಕಾಲು ಕೂಡಿದ ಮೇಲೂ ಆ ಕಿಟಕಿ ಕೆಲಸ ಬಿಡಲಿಲ್ಲ. ಒಬ್ಬಟ್ಟು, ಕರಿಬೇವು, ಸೀರೆ ಪಿನ್ನು, ನನ್ನ ಮೇಲಿನ ದೂರು, ಎಲ್ಲ ಅದರಲ್ಲೇ ಹೋಗಿಬಂದವು.

ಇರಲಿ. ವಿಚಾರಣೆಗೆ ಕರೆದರು, ಹೋದೆ. ಅಲ್ಲಿ ಅಕ್ಷತಾ ಅಂತ ಅಧಿಕಾರಿ, ಚಿಕ್ಕ ವಯಸ್ಸು. ನಾನು ಎದ್ದು ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದನ್ನು ಹೇಳಿದೆ: ‘ಮೇಡಂ, ಮೈ ವೈಫ್ ವಾಸ್ ವೆರಿ ಮಚ್ ಸಿಂಪಥೆಟಿಕ್ ಲೇಡಿ.’ ಎಲ್ಲರೂ ಮುಖ ಮುಖ ನೋಡಿಕೊಂಡರು. ಶಿವಕುಮಾರ ನನ್ನ ಅಂಗಿ ಎಳೆದ. ಆಕೆ ನಗಲಿಲ್ಲ, ಅದು ದೊಡ್ಡದು. ‘ಸರ್, ಅದು ನಿಮ್ಮ ಮನೆಯವರಿಗೆ ಅಂದಿದ್ದಲ್ಲ, ಕಿಟಕಿಗೆ. ಹಳೇ ಗೋಡೆಗೆ ಹೊಂದದೇ ಇರೋ ಬದಲಾವಣೆ ಅಂತ ನಮ್ಮಲ್ಲಿ ಹಾಗೆ ಬರೀತೀವಿ’ ಅಂದರು. ‘ಕಿಟಕಿಗಾದ್ರೂ ಅದು ಸುಳ್ಳೇ ಕಣಮ್ಮ’ ಅಂದೆ.

ಆಮೇಲೆ ನಿಯಮದ ಪ್ರತಿ ಕೊಟ್ಟರು. ನಮ್ಮ ಲೆಕ್ಚರರು ಹೇಳುತ್ತಿದ್ದರು: ‘ಮೇ’ ಅಂದರೆ ಬಾಗಿಲು ತೆರೆದಿದೆ, ‘ಶಲ್’ ಅಂದರೆ ಕತ್ತು ಹಿಡಿದು ಒಳಗೆ ತಳ್ಳುತ್ತಾರೆ. ಆ ಲೆಕ್ಕದಲ್ಲಿ ಓದಿದೆ. ಸಮಿತಿ ನೋಡಬಹುದು, ಷರತ್ತು ಹಾಕಬಹುದು, ಮುಚ್ಚಿಸಬಹುದು, ಅಲ್ಲೆಲ್ಲ ಮೇ. ಮನೆಯವರ ಮಾತು ಕೇಳಲೇಬೇಕು, ಕಾರಣ ಬರೆದಿಡಲೇಬೇಕು, ಅಲ್ಲಿ ಶಲ್. ಅಧಿಕಾರವೆಲ್ಲ ಮೇ, ಕರ್ತವ್ಯವೆಲ್ಲ ಶಲ್. ತಪ್ಪು ಓದಿರಲೂಬಹುದು. ಪಕ್ಕದ ನಿಮ್ಮ ಮನೆ ಕೆಡವಿದಾಗ ಸಮಿತಿಯವರೇಕೆ ಬರಲಿಲ್ಲ ಎಂದೂ ಕೇಳಿದೆ. ಪಟ್ಟಿಯಲ್ಲಿ ಇಲ್ಲದ ಮನೆಯ ಮೇಲೆ ನಮಗೆ ಅಧಿಕಾರವಿಲ್ಲ ಎಂದರು. ಸರಿಯೇ. ಒಂದು ಕಿಟಕಿ ಮುಚ್ಚಿಸುವಷ್ಟು ಅಧಿಕಾರ ಇದೆ, ಒಂದು ಮನೆ ಉಳಿಸುವಷ್ಟು ಇಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ.

ಕೊನೆಗೆ ಆಕೆ ಹೇಳಿದ್ದು ಇಷ್ಟು. ಆ ಕಿಟಕಿ ಯಾತಕ್ಕೆ ಬಂತು, ಹೇಗೆ ಬಳಕೆಯಾಯಿತು ಎಂದು ಮನೆಯವರಲ್ಲದೆ ಇನ್ನೊಬ್ಬರು ಬಂದು ಹೇಳಿದರೆ, ಅದೂ ಈ ಮನೆಯ ಚರಿತ್ರೆಯೇ ಎಂದು ಬರೆದು ಉಳಿಸಬಹುದು. ‘ಬಳಸಿದವರು ಯಾರಾದ್ರೂ ಇದ್ದಾರಾ ಸರ್?’ ಅಂದರು. ‘ಇದ್ದಾರೆ, ಹಿನಕಲ್ಲಿನಲ್ಲಿ ಮಗಳ ಮನೇಲಿ’ ಅಂದೆ. ನಿನ್ನೆಯ ಫೋನು ಅದಕ್ಕೆ. ನಾನು ಮಾಡಿನಿಂದ ಶುರು ಮಾಡಿದೆ, ನೀವು ಗೋಡೆಗೆ ಮುಗಿಸಿದಿರಿ.

ಮನೆ ಮಾರಿದ ಮೇಲೆ ನೀವು ಈ ಬೀದಿಗೆ ಬಂದಿಲ್ಲ. ನಿಮ್ಮ ಅಡುಗೆಮನೆ ಇದ್ದಲ್ಲಿ ಈಗ ಲಾಡ್ಜಿನ ಗೋಡೆ ಎದ್ದಿದೆ, ಕೈ ಚಾಚಿದರೆ ಸಿಮೆಂಟು ತಗಲುತ್ತದೆ. ನಾನು ನಿಮಗೆ ನೋವಾಗಲೆಂದು ಕಿಟಕಿ ಉಳಿಸುತ್ತಿದ್ದೇನೆ ಅಂತ ನಿಮಗೆ ಅನ್ನಿಸಿದೆ. ಹಾಗಲ್ಲ. ನಿಮ್ಮ ಮನೆ, ನೀವು ಮಾರಿದಿರಿ, ಮಗಳ ಕಷ್ಟಕ್ಕೆ ಆಯಿತು. ಬಸವಮ್ಮ ಇದ್ದಿದ್ದರೂ ಮಾರಿ ಅಂತಲೇ ಹೇಳುತ್ತಿದ್ದಳು. ಅವಳ ಕೈಯಿಂದ ಈ ಮನೆಗೆ ಆದ ಬದಲಾವಣೆ ಆ ಕಿಟಕಿಯೊಂದೇ. ಮಿಕ್ಕದ್ದೆಲ್ಲ ನಮ್ಮ ತಾತ ಕಟ್ಟಿಸಿದ್ದು.

ಬರುವ ಬುಧವಾರ ಮಧ್ಯಾಹ್ನ ಅವರು ಮನೆಗೇ ಬರುತ್ತಾರೆ. ನೀವು ಬಾರದಿದ್ದರೆ ಮುಚ್ಚಿಸುತ್ತೇನೆ. ಮಾಡು ನಿಲ್ಲಬೇಕಲ್ಲ. ನಿಮ್ಮ ಮೇಲೆ ಬೇಜಾರಿಲ್ಲ, ಅದನ್ನು ಇಲ್ಲಿಯೇ ಬರೆದುಬಿಡುತ್ತೇನೆ. ಬರುವುದಾದರೆ ದೊಡ್ಡ ಗಡಿಯಾರದ ಕಡೆಯಿಂದ ಬರಬೇಡಿ, ಆ ಲಾಡ್ಜೇ ಮೊದಲು ಎದುರಾಗುತ್ತದೆ. ಆಟೋದವನಿಗೆ ಧನ್ವಂತ್ರಿ ರಸ್ತೆ ಅನ್ನಿ. ಆ ತಿರುವಿನಲ್ಲಿ ನಾನು ನಿಂತಿರುತ್ತೇನೆ. ನಮ್ಮ ಹಿತ್ತಲ ಬಾಗಿಲಿಂದ ನೇರ ಅಡುಗೆಮನೆಗೆ ಬಂದುಬಿಡಬಹುದು, ಏನೂ ನೋಡಬೇಕಾಗಿಲ್ಲ.

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಬೆಳಕು ಹೋಗುತ್ತಿದೆ. ಅಕ್ಷರಗಳು ಗೆರೆ ಬಿಟ್ಟು ಇಳಿಯುತ್ತಿವೆ. ನಿಲ್ಲಿಸುತ್ತೇನೆ. ಆ ಕಾಲಿನ ಮೇಲೆ ಭಾರ ಹಾಕಬೇಡಿ. ಗುರು ನಿಮ್ಮನ್ನೂ ಮಗಳನ್ನೂ ತಣ್ಣಗಿಟ್ಟಿರಲಿ.

ಇಂತು,
ನಿಮ್ಮ ಪಕ್ಕದ ಮನೆಯ
ಪ್ರಭುಸ್ವಾಮಿ