ಎರಡು ಬೆರಳ ಫೋನು, ಮೂರು ಬೆರಳ ಫೋನು

ಭಾನುವಾರ, ಬೆಳಗಿನ ಬಿಸಿಲು

ನನ್ನ ಮುದ್ದು ಗುಬ್ಬಿ,

ಕಾಗದ ಕಂಡು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ, ಎಂದರೆ ನಾನೂ ನಿಮ್ಮಪ್ಪನೂ, ಉಂಡು ತಿಂದು ಚೆನ್ನಾಗಿಯೇ ಇದ್ದೇವೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಯಾವತ್ತು ನನ್ನ ಮಾತು ಪೂರ್ತಿ ಕೇಳಿದ್ದೀಯ? ಅರ್ಧಕ್ಕೇ ‘ಈಗಲೇ ಹೊರಟೆ’ ಎಂದು ಚೀಲ ಹೆಗಲಿಗೇರಿಸುವವಳು ನೀನು. ಕಾಗದಕ್ಕೆ ಅಡ್ಡ ಮಾತಾಡಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ದಪ್ಪವಾಗಿದೆ, ಸಾಲು ಅಲ್ಲಲ್ಲಿ ಗುಡ್ಡ ಹತ್ತಿ ಇಳಿದಿದೆ. ನಗಬೇಡ. ಯಾಕೆ ಹಾಗಿದೆ ಎಂಬುದನ್ನೇ ಬರೆಯಹೊರಟಿದ್ದೇನೆ.

ಹೊಸ ಫೋನು ಕೊಳ್ಳಬೇಕು, ನಿನ್ನ ಹಾಗೆ ಐಫೋನ್ ಕೊಳ್ಳಲೋ, ಅಪ್ಪನ ಹಾಗೆ ಆಂಡ್ರಾಯ್ಡ್ ಕೊಳ್ಳಲೋ ಎಂದು ನಾನು ಕೇಳಿದಾಗ ನೀನು ಎಷ್ಟುದ್ದದ ಮೆಸೇಜು ಕಳಿಸಿದೆ! ಯಾವುದರ ಕ್ಯಾಮೆರಾ ಚೆನ್ನ, ಯಾವುದರ ಚಾರ್ಜು ಹೆಚ್ಚು ಹೊತ್ತು ನಿಲ್ಲುತ್ತದೆ, ಕೈತಪ್ಪಿ ಬಿದ್ದರೆ ಯಾವುದರ ಗಾಜು ಉಳಿಯುತ್ತದೆ, ಎಲ್ಲ ಬರೆದಿದ್ದೆ. ದನದ ಡಾಕ್ಟರಾಗುವ ಕಡೆಯ ಪರೀಕ್ಷೆ ತಲೆಯ ಮೇಲೆ ಕೂತಿರುವಾಗ ಅಮ್ಮನ ಫೋನಿಗಾಗಿ ಇಷ್ಟು ಕೂತು ಬರೆದಿದ್ದಾಳಲ್ಲ ಎಂದು ಮನಸ್ಸು ತುಂಬಿ ಬಂತು. ಆದರೆ ನಾನು ಕೇಳಿದ್ದು ಒಂದೇ ಮಾತು, “ಯಾವುದು ಚೆನ್ನಾಗಿ ಮಾತಾಡುತ್ತೆ?” ಎಂದು. ನೀನು ನಕ್ಕೆ. “ಅಮ್ಮಾ, ಫೋನ್ ಇರೋದೇ ಮಾತಾಡೋಕೆ!” ಅಂದೆ. ನಾನೂ ನಕ್ಕು ಮಾತು ತೇಲಿಸಿಬಿಟ್ಟೆ. ನಾವು ಫೋನಿನಲ್ಲಿ ಮಾತಾಡುವುದರ ಬಗ್ಗೆ ಅಲ್ಲ ಕಂದ, ಫೋನೇ ಮಾತಾಡುವುದರ ಬಗ್ಗೆ ನಾನು ಕೇಳಿದ್ದು. ಪರದೆಯ ಮೇಲೆ ಏನಿದೆ ಎಂದು ಕಣ್ಣು ಕಾಣದವರಿಗೆ ಓದಿ ಹೇಳುತ್ತದಲ್ಲ, ಅದನ್ನು.

ಈಗ ಕೂತುಕೊ. ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೊ.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಕಿಟಕಿ ಪರದೆಗಳನ್ನು ಹೊಲಿಯಲು ಒಪ್ಪಿಕೊಂಡಿದ್ದೆ. ಪರದೆ ಎಂದರೆ ಏನು ಮಹಾ, ನೇರ ಹೊಲಿಗೆ, ನಿದ್ದೆಗಣ್ಣಿನಲ್ಲೂ ಹೊಲಿಯುವಂಥದ್ದು. ಹೊಲಿದು ಹರವಿ ನೋಡಿದರೆ ಅಂಚು ನಡುವೆ ಹಾವು ಹರಿದ ಹಾಗೆ ಸೊಟ್ಟ. ಬಿಚ್ಚಿದೆ. ಮತ್ತೆ ಹೊಲಿದೆ. ಮತ್ತೂ ಸೊಟ್ಟ. ಮಿಷನ್ನಿಗೆ ಎಣ್ಣೆ ಬಿಟ್ಟೆ, ಸೂಜಿ ಬದಲಾಯಿಸಿದೆ, ಬಟ್ಟೆ ನೇಯ್ದವನಿಗೂ ನಾಲ್ಕು ಬೈದೆ. ಪರದೆ ಒಯ್ಯಲು ಬಂದ ಕ್ಲಿನಿಕ್ಕಿನ ನರ್ಸಮ್ಮನಿಗೆ, “ಇನ್ನೊಂದೆರಡು ದಿನ ಬಿಟ್ಟು ಬನ್ನಿ, ಹೊಲಿಗೆ ಸೊಟ್ಟ ಬಂದಿದೆ,” ಎಂದೆ. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, “ಎಲ್ಲಿ ಸೊಟ್ಟ? ಗೆರೆ ಎಳೆದ ಹಾಗಿದೆಯಲ್ಲ!” ಎಂದು ಮಡಿಸಿಕೊಂಡು ಹೊರಟೇಬಿಟ್ಟಳು. ಆಕೆ ಹೋದ ಮೇಲೆ ನನ್ನ ಸ್ಟೀಲ್ ಸ್ಕೇಲನ್ನು ತೆಗೆದು ಕಿಟಕಿಯ ಹತ್ತಿರ ಹಿಡಿದೆ. ಸ್ಕೇಲೂ ಬಾಗಿತ್ತು. ಬಾಗಿಲ ಚೌಕಟ್ಟು ನೋಡಿದೆ, ಅದೂ ಬಾಗಿತ್ತು. ಆಗ ಗೊತ್ತಾಯಿತು, ಸೊಟ್ಟಗಿರುವುದು ಹೊಲಿಗೆಯಲ್ಲ ಎಂದು.

ಅಪ್ಪನಿಗೆ ಬಟನ್ ತರುತ್ತೇನೆಂದು ಹೇಳಿ ಕಣ್ಣಿನ ಆಸ್ಪತ್ರೆಗೆ ಒಬ್ಬಳೇ ಹೋದೆ. ಕಣ್ಣಿನೊಳಗೆ ಹಿಂಬದಿಯಲ್ಲಿ ರೆಟಿನಾ ಎಂಬ ಪೊರೆಯಿದೆಯಂತೆ, ಅದರ ಸರಿಯಾಗಿ ನಡುವಿನಲ್ಲೇ ಸವೆತವಂತೆ. ಒಂದು ಕಣ್ಣಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಈಗ ಶುರು. ಇಂಜೆಕ್ಷನ್ ಕೊಟ್ಟು ತಡ ಮಾಡಬಹುದು, ಹೋದದ್ದನ್ನು ತರಲಾಗದು ಎಂದರು ಡಾಕ್ಟರು. ಪೂರ್ತಿ ಕತ್ತಲೆ ಆಗುವುದಿಲ್ಲ. ಪಕ್ಕದಲ್ಲಿರುವುದು ಕಾಣುತ್ತದೆ, ನೇರ ನೋಡಿದ್ದು ಮಾತ್ರ ಮಸಕು. ನಿನ್ನ ಅಮ್ಮನಿಗೆ ಇನ್ನು ಮೇಲೆ ವಾರೆನೋಟವೇ ಗತಿ. ಎಷ್ಟು ಬೇಗ ಎಂದು ಕೇಳಿದ್ದಕ್ಕೆ ಅವರು, “ಅದನ್ನ ಯಾರೂ ಹೇಳೋಕಾಗಲ್ಲಮ್ಮ. ಆದ್ರೆ ಕಣ್ಣು ಇರೋವಾಗಲೇ ಕಿವಿಯಿಂದ ಫೋನ್ ಬಳಸೋದನ್ನ ಕಲಿತುಬಿಡಿ. ಆಮೇಲೆ ಕಲಿಯೋದು ಕಷ್ಟ,” ಎಂದರು. ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಕೂರುವ ಟೆಲಿಫೋನ್ ಆಪರೇಟರಮ್ಮನ ಹತ್ತಿರ ಕಳಿಸಿದರು.

ಆಕೆಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ನಾನು ಬಾಗಿಲಲ್ಲಿ ನಿಂತ ಕೂಡಲೇ, “ಬನ್ನಿ, ಕುರ್ಚಿ ನಿಮ್ಮ ಬಲಕ್ಕಿದೆ,” ಎಂದರು. ಅವರದು ಐಫೋನು, ಪಕ್ಕದಲ್ಲಿ ಕೂರುವವರದು ಆಂಡ್ರಾಯ್ಡ್. ಎರಡನ್ನೂ ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಳ್ಳಿ ಎಂದರು. ಎರಡರಲ್ಲೂ ಒಂದು ಸಲ ಮುಟ್ಟಿದರೆ ಬೆರಳ ಕೆಳಗೆ ಏನಿದೆ ಎಂದು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಆದರೆ ಪುಟ ಮೇಲೆ ಸರಿಸಲು ಅವರ ಫೋನಿನಲ್ಲಿ ಮೂರು ಬೆರಳು ಬೇಕು, ಇನ್ನೊಂದರಲ್ಲಿ ಎರಡು ಸಾಕು. ಹೀಗೆ ಸಣ್ಣಪುಟ್ಟ ವ್ಯತ್ಯಾಸ ಬೇಕಾದಷ್ಟು. ನನ್ನ ಬೆರಳುಗಳು ಒಂದರ ಮೇಲೊಂದು ಬಿದ್ದು ಒದ್ದಾಡಿದವು. ಆಕೆ ನಕ್ಕರು, ನನಗೂ ನಗು ಬಂತು. ಆಸ್ಪತ್ರೆಗೆ ಕಾಲಿಟ್ಟ ಮೇಲೆ ಅದೇ ಮೊದಲು ನಕ್ಕದ್ದು.

ಯಾವುದು ಒಳ್ಳೆಯದು ಎಂದು ಕೇಳಿದೆ. ಆಕೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಎರಡೂ ಚೆನ್ನಾಗೇ ಓದುತ್ತೆ ರೀ. ಆದ್ರೆ ಬೆರಳಿಗೆ ಒಂದು ರೂಢಿ ಆಗಿಬಿಟ್ರೆ ಇನ್ನೊಂದು ಬೇಗ ಹತ್ತಲ್ಲ. ಮಧ್ಯ ಮಧ್ಯ ಸಿಕ್ಕಿಹಾಕಿಕೊಳ್ತೀರಿ, ಅಳು ಬರುತ್ತೆ, ಎತ್ತಿ ಬಿಸಾಕೋಣ ಅನ್ಸುತ್ತೆ. ಆಗ ಪಕ್ಕದಲ್ಲಿ ಕೂತು ಹೇಳಿಕೊಡೋರು ಬೇಕು. ಅವರ ಹತ್ರ ಯಾವ ಫೋನ್ ಇದೆಯೋ ಅದನ್ನೇ ತಗೊಳ್ಳಿ. ನಿಮ್ಮನೇಲಿ ಅದು ಯಾರು?”

ನಾನು ಎರಡೂ ಫೋನುಗಳನ್ನು ಮೇಜಿನ ಮೇಲಿಟ್ಟು ಎದ್ದೆ. ಆಕೆಗೆ ಅರ್ಥವಾಯಿತು. “ಇನ್ನೂ ಯಾರಿಗೂ ಹೇಳಿಲ್ವಾ? ಹಾಗಾದ್ರೆ ಫೋನ್ ಆಮೇಲೆ. ಮೊದಲು ಹೇಳಿ,” ಎಂದರು.

ನಾನೆಲ್ಲಿ ಕೇಳುತ್ತೇನೆ? ಮನೆಯಲ್ಲಿ ಬಾಯಿ ಬಿಡದೆ, ನಿನ್ನ ಹತ್ತಿರ ಬರೀ ಫೋನಿನ ಮಾತಷ್ಟೇ ಎತ್ತಿ, ಕೆಲವು ದಿನ ಕಳೆದ ಮೇಲೆ ಫೋನಿನ ಅಂಗಡಿಗೇ ಹೋದೆ. ಒಂದು ಗೋಡೆಗೆ ಒಂದು ಜಾತಿಯದು, ಎದುರು ಗೋಡೆಗೆ ಇನ್ನೊಂದು ಜಾತಿಯದು. ನಡುವೆ ನಾನು, ಮದುವೆಮನೆಯಲ್ಲಿ ಹೆಣ್ಣಿನ ಕಡೆಯವಳೋ ಗಂಡಿನ ಕಡೆಯವಳೋ ಗೊತ್ತಿಲ್ಲದ ನೆಂಟಳ ಹಾಗೆ. ಅಂಗಡಿಯ ಹೆಂಗಸು ಎರಡು ಸಲ ಬಂದು, “ಯಾವುದು ತೋರಿಸ್ಲಿ ಆಂಟಿ?” ಎಂದು ಕೇಳಿ ಹೋದಳು. ನಾನು ನಿಂತೇ ಇದ್ದೆ. ನಿನ್ನ ಫೋನು ಕೊಂಡರೆ ನಿನಗೆ ಹೇಳಬೇಕು. ಅಪ್ಪನ ಫೋನು ಕೊಂಡರೆ ಅಪ್ಪನಿಗೆ ಹೇಳಬೇಕು. ನನಗೆ ಯಾರಿಗೂ ಹೇಳುವುದು ಬೇಕಿರಲಿಲ್ಲ ಗುಬ್ಬಿ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ನಿನಗೆ ಹೇಳಿಕೊಡುವ ಕೈಗುಣವಿದೆ, ನಿಜ. ಆದರೆ ನೀನು ಹಸುವಿನ ಹೊಟ್ಟೆಯೊಳಗೆ ಮೊಣಕೈವರೆಗೆ ತೋಳು ತೂರಿಸಿ ನಿಂತಿರುವಾಗ ನಾನು ಫೋನು ಮಾಡಿ, ‘ಮೂರು ಬೆರಳು ಎಲ್ಲಿಡಲೇ?’ ಎಂದು ಕೇಳಿದರೆ ಹೇಗಿರುತ್ತದೆ ಹೇಳು. ನೀನು ಪರೀಕ್ಷೆಯನ್ನೂ ಹಸುವನ್ನೂ ಅಲ್ಲೇ ಬಿಟ್ಟು ಬರುತ್ತೀಯ, ಅದು ನನಗೆ ಗೊತ್ತು. ಇನ್ನು ನಿಮ್ಮಪ್ಪ. ಅವರ ಫೋನಿನ ಜ್ಞಾನ ನಿನಗೇ ಗೊತ್ತಲ್ಲ. ಒಂದು ‘ಸರಿ’ ಎಂದು ಟೈಪು ಮಾಡಲು ಕನ್ನಡಕ ಹುಡುಕುವವರು. ಅದಕ್ಕಿಂತ ಹೆಚ್ಚಾಗಿ, ವಿಷಯ ತಿಳಿದ ದಿನವೇ ನನ್ನ ಮಿಷನ್ನಿಗೆ ಬಟ್ಟೆ ಮುಚ್ಚಿ ‘ಇನ್ನು ಸಾಕು, ಸುಮ್ಮನೆ ಕೂತಿರು’ ಎನ್ನುತ್ತಾರೆಂದು ನನಗೆ ಭಯ. ಸುಮ್ಮನೆ ಕೂರಲು ನಾನೇನು ಬೊಂಬೆಯೇ?

ಬರಿಗೈಯಲ್ಲಿ ಅಂಗಡಿಯಿಂದ ಹೊರಟೆ. ಕಾಲು ತಾನಾಗಿಯೇ ನಿಮ್ಮಪ್ಪನ ಬೀಗದ ಅಂಗಡಿಯ ಕಡೆ ತಿರುಗಿತು.

ಯಾರದೋ ಸೂಟ್‌ಕೇಸಿನ ಬೀಗ ತೆಗೆಯುತ್ತಿದ್ದರು. ನಾನು ಸ್ಟೂಲ್ ಎಳೆದುಕೊಂಡು ಕೂತು, “ರೀ, ನಾನು ಯಾವ ಫೋನ್ ತಗೊಳ್ಲಿ?” ಎಂದೆ. ತಲೆ ಎತ್ತದೆ, “ನನ್ನಂಥದ್ದೇ ತಗೋ. ಕೆಟ್ಟರೆ ನಾನಿದ್ದೀನಲ್ಲ,” ಎಂದರು. ಅಷ್ಟೇ ಸಾಕಾಯಿತು ನನಗೆ. ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು. ಪರದೆ, ಸ್ಕೇಲು, ಇಂಜೆಕ್ಷನ್ ಎಲ್ಲವನ್ನೂ ಹಿಂದುಮುಂದಾಗಿ ಹೇಳಿದೆ.

ಅವರು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟರು. ಎದ್ದು ಹೋಗಿ ಶಟರನ್ನು ಅರ್ಧಕ್ಕೆ ಎಳೆದರು. ವಾಪಸು ಬಂದು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನನ್ನ ಕಣ್ಣನ್ನೇ ನೋಡಿದರು, ಕೆಟ್ಟ ಬೀಗವನ್ನು ನೋಡುವ ಹಾಗೆ. ಆಮೇಲೆ, “ಬಟನ್ ತರ್ತೀನಿ ಅಂತ ಹೋದೆಯಲ್ಲ, ಬರೋವಾಗ ಕೈ ಖಾಲಿ ಇತ್ತು. ಏನೋ ಇದೆ ಅಂದ್ಕೊಂಡೆ. ಕೇಳೋಕೆ ಧೈರ್ಯ ಸಾಲಲಿಲ್ಲ,” ಎಂದರು. ಅವರೂ ಅಷ್ಟು ದಿನ ಆ ಮಾತನ್ನು ನುಂಗಿಕೊಂಡು ಉಂಡಿದ್ದರು, ಮಲಗಿದ್ದರು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು. ಅಳು ಬಂದದ್ದು ನನಗಲ್ಲ, ಅವರಿಗೆ. ನಾನೇ ಸೆರಗು ಕೊಟ್ಟೆ.

ಮಾರನೆಯ ದಿನ ಅವರು ಮಾಡಿದ ಕೆಲಸ ಕೇಳು. ನನಗೆ ಕಲಿಸುವ ಮುಂಚೆ ತಾವು ಕಲಿಯಬೇಕೆಂದು ತಮ್ಮ ಫೋನಿನಲ್ಲೇ ಆ ಓದುವ ಧ್ವನಿಯನ್ನು ಹಾಕಿಕೊಂಡಿದ್ದಾರೆ. ಹಾಕಿಕೊಳ್ಳುವುದು ಗೊತ್ತಾಯಿತು, ತೆಗೆಯುವುದು ಗೊತ್ತಾಗಲಿಲ್ಲ. ಹಾಗೇ ಜೇಬಿಗೆ ತುರುಕಿಕೊಂಡು ಕ್ಷೌರಕ್ಕೆ ಹೋಗಿದ್ದಾರೆ. ಅಷ್ಟು ಹೊತ್ತಿಗೆ ಸರಿಯಾಗಿ ನಾನು ಮೆಸೇಜು ಮಾಡಿದೆ. ಫೋನು ತೆಗೆದು ಅದರ ಮೇಲೆ ಬೆರಳಿಟ್ಟದ್ದೇ ತಡ, ಅದು ಅಂಗಡಿಗೆಲ್ಲ ಕೇಳುವ ಹಾಗೆ, “ನೆನ್ನೆಯ ಬನಿಯನ್ನೇ ಹಾಕಿಕೊಂಡು ಹೋಗಿದ್ದೀರಿ, ನಾಚಿಕೆಯಾಗಬೇಕು,” ಎಂದು ಓದಿತಂತೆ. ಬಾಯಿ ಮುಚ್ಚಿಸಲು ಹೋದಷ್ಟೂ ಅದು ಮತ್ತೆ ಮತ್ತೆ ಬನಿಯನ್ ಬನಿಯನ್ ಎನ್ನುತ್ತಿತ್ತಂತೆ. ಕ್ಷೌರದವನು ಕತ್ತಿಯನ್ನು ಪಕ್ಕಕ್ಕಿಟ್ಟು, “ಅಣ್ಣಾ, ಇದೇನು ಅತ್ತಿಗೆನ ಜೇಬಲ್ಲೇ ಕರ್ಕೊಂಡು ಬಂದಿದ್ದೀರಾ?” ಎಂದನಂತೆ. ಅರ್ಧ ಗಡ್ಡದಲ್ಲಿ ಮನೆಗೆ ಬಂದವರನ್ನು ನೋಡಿ ನಾನು ನಕ್ಕ ನಗು ಕೆಳಗಿನ ಮನೆಯವರಿಗೂ ಕೇಳಿಸಿತು.

ಆದರೆ ಬಿಡಲಿಲ್ಲ ಅವರು. ಊಟದ ಮೇಜಿನ ಮುಂದೆ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತರು. ಮೊದಲು ಒಂದು ಬೆರಳು, ಆಮೇಲೆ ಎರಡು. ನನಗೆ ಸೋಜಿಗ, ಇಷ್ಟು ತಾಳ್ಮೆ ಎಲ್ಲಿತ್ತು ಇವರಲ್ಲಿ ಎಂದು. ಕೇಳಿಯೇಬಿಟ್ಟೆ. “ಬೀಗದ ಒಳಗೆ ನಾನೇನು ಕಣ್ಣಿಟ್ಟು ನೋಡ್ತೀನೇನೇ? ಬೆರಳಿಗೆ ಗೊತ್ತಾಗ್ಬೇಕು, ಕಿವಿಗೆ ಟಕ್ ಅನ್ನಬೇಕು. ಇದೂ ಹಂಗೇ,” ಎಂದರು. ಇಷ್ಟು ವರ್ಷ ಒಟ್ಟಿಗೆ ಬಾಳಿದರೂ ನನಗೆ ಇದು ಹೊಳೆದಿರಲಿಲ್ಲ. ಅವರು ಕಲಿತರು, ತಮ್ಮಂಥದ್ದೇ ಫೋನು ಕೊಡಿಸಿ ನನಗೆ ಕಲಿಸಿದರು. ನಾನು ರೇಗಿದಾಗ ಫೋನನ್ನು ತೆಗೆದಿಟ್ಟು ಕಾಫಿ ಮಾಡಿಕೊಟ್ಟರು. ಹೋದ ವಾರ ನಾನು ಫೋನು ಮಾಡಿದಾಗ ನೀನು, “ಏನಮ್ಮಾ, ಇವತ್ತು ಧ್ವನಿಯಲ್ಲಿ ಇಷ್ಟು ಖುಷಿ?” ಎಂದೆಯಲ್ಲ, ಅದು ನಾನು ಕಣ್ಣು ಮುಚ್ಚಿಕೊಂಡು, ನಿನ್ನ ಹೆಸರನ್ನು ಕಿವಿಯಿಂದ ಹುಡುಕಿ, ಎರಡು ಸಲ ತಟ್ಟಿ ಮಾಡಿದ ಮೊದಲ ಕರೆ.

ಮಿಷನ್ನಿಗೆ ಅವರು ಬಟ್ಟೆ ಮುಚ್ಚಲಿಲ್ಲ. ಸೂಜಿಯ ಪಕ್ಕಕ್ಕೆ ಒಂದು ಸಣ್ಣ ಉಕ್ಕಿನ ಪಟ್ಟಿಯನ್ನು ಅರದಿಂದ ಉಜ್ಜಿ ಕೂರಿಸಿದ್ದಾರೆ. ಬಟ್ಟೆಯ ಅಂಚನ್ನು ಅದಕ್ಕೆ ತಾಗಿಸಿ ನಡೆಸಿದರೆ ಹೊಲಿಗೆ ನೇರ ಹೋಗುತ್ತದೆ. ನನ್ನ ಕಣ್ಣಿಗೆ ಅದು ಈಗಲೂ ಸೊಟ್ಟವೇ. ಬೆರಳಿನಿಂದ ಸವರಿ ನೋಡಿ ನಂಬುತ್ತೇನೆ. ಮೊದಲ ಇಂಜೆಕ್ಷನ್ ಆಗಿದೆ, ನೀನು ಅಂದುಕೊಳ್ಳುವಷ್ಟು ನೋವಿಲ್ಲ.

ನಿನ್ನಂಥ ಫೋನು ಕೊಳ್ಳಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ನೀನು ಹೇಳಿದ ಕ್ಯಾಮೆರಾ ಚೆನ್ನಾಗಿಯೇ ಇದ್ದೀತು. ನನಗೆ ದಿನವೂ ಪಕ್ಕದಲ್ಲಿ ಕೂರುವವರ ಫೋನು ಬೇಕಾಯಿತು, ಅಷ್ಟೇ. ಇದನ್ನು ಓದಿ ಓಡಿ ಬರಬೇಡ. ಇಲ್ಲಿ ನೀನು ಮಾಡುವಂಥದ್ದೇನೂ ಇಲ್ಲ. ಪರೀಕ್ಷೆ ಬರೆ, ಆಮೇಲೆ ದೊಡ್ಡ ದನದ ಆಸ್ಪತ್ರೆಯ ತರಬೇತಿಗೆ ಕರೆದಿದ್ದಾರಲ್ಲ, ಅದನ್ನೂ ಮುಗಿಸಿಕೊ. ನನಗೆ ಹೆದರಿಕೆಯಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು. ಹಸು ಒದ್ದ ಜಾಗಕ್ಕೆ ಔಷಧಿ ಹಚ್ಚಿಕೊ.

ನಿನ್ನನ್ನು ಸದಾ ನೆನೆಯುವ,
ಅಮ್ಮ

ಮರೆತ ಮಾತು: ಮೇಲಿನದನ್ನು ಬರೆಯುವಾಗ ಅಪ್ಪ ಪಕ್ಕದಲ್ಲೇ ಕೂತು ಒಂದೊಂದು ಸಾಲನ್ನೂ ಓದುತ್ತಿದ್ದರು. ಈಗ ಅಂಚೆಚೀಟಿ ತರಲು ಹೋಗಿದ್ದಾರೆ. ಹೆದರಿಕೆಯಿಲ್ಲ ಎಂದು ಬರೆದದ್ದು ಅವರಿಗೋಸ್ಕರ. ತರಬೇತಿ ಕಾಯಲಿ ಗುಬ್ಬಿ. ಪರೀಕ್ಷೆ ಮುಗಿದ ಕೂಡಲೇ ಹೊರಟು ಬಾ. ಬೆಳಗಿನ ಬಸ್ಸಿಗೇ ಹತ್ತು, ಬೆಳಕಿರುವಾಗಲೇ ಮನೆ ಸೇರುವ ಹಾಗೆ. ನಿನ್ನ ಮಾತನ್ನು ಫೋನಿನಲ್ಲಿ ಎಷ್ಟು ವರ್ಷ ಬೇಕಾದರೂ ಕೇಳುತ್ತೇನೆ, ಕಿವಿಗೇನೂ ಆಗಿಲ್ಲ. ಬಂದವಳು ಕಿಟಕಿಯ ಹತ್ತಿರ ನನ್ನ ಎದುರಿಗೆ ಕೂತುಕೊ. ಸ್ವಲ್ಪ ಹೊತ್ತು ಏನೂ ಹೇಳಬೇಡ, ಎದ್ದು ಹೋಗಬೇಡ. ನಾನು ನಿನ್ನನ್ನು ನೋಡಬೇಕು.