ಇಬ್ಬನಿ ಹೊಡೆಯುವ ಗಳ

ಹುಣಸೂರು
ಸೋಮವಾರ, ೨೩ ನವೆಂಬರ್ ೧೯೯೮

ಪೂಜ್ಯ ಮಾವನವರಿಗೆ,

ನಿಮ್ಮ ಸೊಸೆ ಪುಷ್ಪಾ ಇಲ್ಲಿಂದಲೇ ನಿಮ್ಮ ಕಾಲಿಗೆ ಬಿದ್ದಿದ್ದೇನೆ. ನನ್ನನ್ನು ಎಬ್ಬಿಸಲು ನೀವು ಬಗ್ಗಬೇಡಿ, ಡಾಕ್ಟರು ನಲವತ್ತು ದಿನ ಬಗ್ಗಬಾರದು ಎಂದಿದ್ದಾರೆ. ಕಣ್ಣು ಹೇಗಿದೆ? ನೀರು ಸೋರುವುದು ನಿಂತಿತೇ? ಔಷಧಿಯ ಹನಿ ದಿನಕ್ಕೆ ನಾಲ್ಕು ಸಲ, ನೆನಪಾದಾಗ ಒಂದು ಸಲವಲ್ಲ. ಅಣ್ಣನವರ ಮನೆಯಲ್ಲಿ ಸುಮ್ಮನಿರದೆ, ಕಪ್ಪು ಕನ್ನಡಕ ಹಾಕಿಕೊಂಡು ದಿನಾ ಸಂಜೆ ಕೋಟೆ ಬಸ್ ಸ್ಟ್ಯಾಂಡಿನಲ್ಲಿ ಹೋಗಿ ಕೂರುತ್ತೀರಂತೆ. ಪೊರೆ ತೆಗೆಸಿಕೊಂಡವರಿಗೆ ಆ ಧೂಳು ಒಳ್ಳೆಯದೇ? ಅತ್ತೆ ಇಲ್ಲೇ ನನ್ನ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾರೆ. "ಬೀಡಿ ಸೇದುದ್ರೆ ಇನ್ನೊಂದ್ ಕಣ್ಣೂ ಓಯ್ತದೆ ಅಂತ ಬರಿ ಆ ವಯ್ಯಂಗೆ" ಎಂದರು, ಬರೆದಿದ್ದೇನೆ. ಅತ್ತಿಗೆ, ಈ ಕಾಗದವನ್ನು ಮಾವನಿಗೆ ಓದಿ ಹೇಳುತ್ತಿರುವವರು ನೀವೇ ಅಂತ ಗೊತ್ತು. ಅತ್ತೆ ಅಂದದ್ದನ್ನು ಅತ್ತೆಯ ಗಂಟಲಿನಲ್ಲೇ ಓದಿ, ಆಗಲಾದರೂ ನಾಟೀತು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಮಗ ಸಾಮಿಲ್ಲಿಗೆ ಎರಡು ಹೊತ್ತೂ ಹೋಗುತ್ತಿದ್ದಾರೆ, ತಲೆಯಲ್ಲಿ ಕೂದಲಿಗಿಂತ ಮರದ ಪುಡಿಯೇ ಹೆಚ್ಚು. ಹೋದ ವಾರ ಕಡೇ ಕಾರ್ತಿಕ ಸೋಮವಾರ ನೀವಿಲ್ಲದೆ ದೀಪ ಹಚ್ಚಿದೆವು. ಇದೆಲ್ಲ ನೀವು ಕೇಳಲಿಲ್ಲ ಅಂತ ನನಗೆ ಗೊತ್ತು, ಮಾವ. ನೀವು ಅತ್ತಿಗೆ ಕೈಲಿ ಬರೆಸಿದ ಕಾರ್ಡಿನಲ್ಲಿ ಇದ್ದದ್ದು ಒಂದೇ ಮಾತು: "ಏಳನೇದು ಎಂಗದೆ?" ಹೆಂಡತಿ ಹೇಗಿದ್ದಾಳೆ, ಮಗ ಹೇಗಿದ್ದಾನೆ ಅಂತ ಕೇಳದೆ ಹುಲ್ಲಿನ ಯೋಗಕ್ಷೇಮ ಕೇಳುವ ಗಂಡಸು ಈ ಹುಣಸೂರು ತಾಲ್ಲೂಕಿನಲ್ಲಿ ನೀವೊಬ್ಬರೇ ಇರಬೇಕು. ಅತ್ತೆ ಆ ಕಾರ್ಡನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದಾರೆ, ಬಂದವರಿಗೆಲ್ಲ ತೋರಿಸಲು.

ಆದರೂ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನೀವು ಆಸ್ಪತ್ರೆಗೆ ಹೊರಟ ದಿನವೇ ಗಾಲ್ಫ್ ಕ್ಲಬ್ಬಿನ ಸೆಕ್ರೆಟರಿ ನೀಲಕಂಠಸ್ವಾಮಿಯವರು ನಿಮ್ಮನ್ನೂ ನಿಮ್ಮ ಕೈಕೆಳಗೆ ಕಳೆ ಕೀಳುವ ನನ್ನನ್ನೂ ಜಗಲಿಗೆ ಕರೆದು ಹೇಳಿದ್ದರಲ್ಲ, ನವೆಂಬರ್ ಇಪ್ಪತ್ತೆರಡಕ್ಕೆ ಮಡಿಕೇರಿ ಕಡೆಯವರ ಜೊತೆ ಪಂದ್ಯ, ಅಷ್ಟರಲ್ಲಿ ಹುಲ್ಲು ಕೆಟ್ಟರೆ ಮೈದಾನವನ್ನು ಮೈಸೂರಿನ ಕಂಟ್ರಾಕ್ಟರಿಗೆ ವಹಿಸುತ್ತೇವೆ ಅಂತ. ಇಪ್ಪತ್ತಾರು ವರ್ಷ ನೀವು ಮೇಸ್ತ್ರಿಯಾಗಿ ಸಾಕಿದ ಹುಲ್ಲು. ಅವತ್ತು ನೀವು ಟವೆಲ್ ಒದರಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಿರಿ. ನಿನ್ನೆ ಪಂದ್ಯ ಮುಗಿಯಿತು, ಇವತ್ತು ಕ್ಲಬ್ಬಿಗೆ ರಜೆ, ಅದಕ್ಕೇ ಕೂತು ಎಲ್ಲವನ್ನೂ ಬರೆಯುತ್ತಿದ್ದೇನೆ.

ಗಾಲ್ಫ್ ಎಂದರೆ ಸಾಹೇಬರು ಚೆಂಡು ಕಳೆದುಕೊಳ್ಳುವ ಆಟ ಎಂದುಕೊಂಡಿರುವ ಅತ್ತಿಗೆಗೋಸ್ಕರ ಎರಡು ಮಾತು. ನಮ್ಮಲ್ಲಿ ಒಂಬತ್ತು ಕುಳಿ. ಒಂದೊಂದು ಕುಳಿಯ ಸುತ್ತ ಒಕ್ಕಣೆಯ ಕಣದಷ್ಟು ಜಾಗದಲ್ಲಿ ಹುಲ್ಲನ್ನು ತಲೆ ಬೋಳಿಸಿದ ಹಾಗೆ ಗಿಡ್ಡವಾಗಿ ಕತ್ತರಿಸಿರುತ್ತೇವೆ, ಅದಕ್ಕೆ ಗ್ರೀನು ಅನ್ನುತ್ತಾರೆ. ಅಲ್ಲಿ ಚೆಂಡು ಗೋಲಿಯಂತೆ ಉರುಳಬೇಕು. ಒಂದು ಹಿಮ್ಮಡಿಯ ಗುರುತಿದ್ದರೂ ಚೆಂಡು ಆ ಕಡೆ ತಿರುಗಿಬಿಡುತ್ತದೆ, ಆಡುವವರ ಮುಖವೂ ತಿರುಗುತ್ತದೆ. ಮಾವ ಮಾತ್ರ ಅದನ್ನು ಗ್ರೀನು ಅಂದವರೇ ಅಲ್ಲ. ಕ್ಲಬ್ಬಿಗೆ ಬರುವ ಮುಂಚೆ ಹೊಗೆಸೊಪ್ಪಿನ ಸಸಿ ಬೆಳೆಸುತ್ತಿದ್ದರಲ್ಲ, ಸಸಿ ಹಾಕುವ ಪಾತಿಗೆ ಮಡಿ ಅನ್ನುವ ಅಭ್ಯಾಸ, ಇದಕ್ಕೂ ಮಡಿ ಅಂದೇ ಹೆಸರು. ನಾನು ಮದುವೆಯಾಗಿ ಬಂದ ಮೊದಲ ವಾರ ಬುತ್ತಿ ತೆಗೆದುಕೊಂಡು ಹೋದಾಗ ದೂರದಿಂದಲೇ ಕೂಗಿದರು: "ಚಪ್ಲಿ ಅಲ್ಲೇ ಬುಟ್ಟು ಬಾರವ್ವಾ, ಅದು ಮಡಿ ಕಣವ್ವಾ!" ನಾನು ಹೆದರಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಯಾವ ದೇವರೋ ಏನೋ ಅಂತ ಕುಳಿಯಲ್ಲಿ ನೆಟ್ಟಿದ್ದ ಬಾವುಟಕ್ಕೆ ಕೈ ಮುಗಿದಿದ್ದೆ. ಈ ಕಥೆಯನ್ನು ಮಾವ ಯಾರಿಗೂ ಹೇಳಲಿಲ್ಲ. ಆರು ವರ್ಷದ ಮೇಲೆ ನಾನೇ ಹೇಳುತ್ತಿದ್ದೇನೆ, ಅದಕ್ಕೆ ಕಾರಣವಿದೆ.

ಮಾವ, ಮೊದಲು ಏಳನೇ ಮಡಿಯ ಸಮಾಚಾರ. ನೀವು ಹೋದಾಗ ಹೊಳೆ ಕಡೆಯ ಮೂಲೆಯಲ್ಲಿ ಊಟದ ತಟ್ಟೆಯಗಲ ಬೋಳಾಗಿತ್ತು. ನೀರು ಹೆಚ್ಚಾಗಿ ಬೇರು ಕೊಳೆತಿತ್ತು. ನಾಲ್ಕು ದಿನ ನೀರು ಬಿಡಲಿಲ್ಲ. ಕಬ್ಬಿಣದ ಮುಳ್ಳಿನಿಂದ ಚುಚ್ಚಿ ಚುಚ್ಚಿ ಗಾಳಿಯಾಡಿಸಿದೆ, ಜರಡಿ ಹಿಡಿದ ಮರಳು ಹಾಕಿದೆ. ಪಂಪ್ ಹೌಸಿನ ಹಿಂದೆ ನೀವು ಬೆಳೆಸಿಟ್ಟ ಹುಲ್ಲನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ತಂದು ಕೂರಿಸಿ, ಹೊಗೆಸೊಪ್ಪಿನ ಸಸಿಗೆ ಹಾಕುವ ಹಾಗೆಯೇ ತೂತು ಮೂತಿಯ ರೋಸ್ ಕ್ಯಾನಿನಲ್ಲಿ ನೀರು ಹಾಕಿದೆ. ಎರಡನೇ ವಾರಕ್ಕೆ ಬಿಲ್ಲೆಗಳ ಅಂಚು ಹಳದಿಯಾದಾಗ ಅಲ್ಲೇ ಕೂತು ಅತ್ತುಬಿಟ್ಟೆ. ಜೊತೆಯಲ್ಲಿ ಕಳೆ ಕೀಳುವ ಚಾಮುಂಡಮ್ಮ ಬಂದು, "ಅಳ್ತಾ ಕೂತ್ರೆ ಮತ್ತೆ ನೀರ್ ಎಚ್ಚಾಯ್ತದೆ, ಏಳವ್ವಾ" ಎಂದಳು. ಮೂರನೇ ವಾರ ಬೇರು ಹಿಡಿಯಿತು.

ಹುಲ್ಲಿಗೆ ರೋಗ ಬಾರದಂತೆ ದಿನಾ ಬೆಳಿಗ್ಗೆ ಗಳ ಬೀಸಿ ಇಬ್ಬನಿ ಹೊಡೆದು ಉದುರಿಸುವುದನ್ನೂ ಬಿಟ್ಟಿಲ್ಲ. ಅದೊಂದೇ ಕೆಲಸ ನನಗೆ ಕಷ್ಟ. ನಿಮ್ಮ ಬಿದಿರು ಗಳ ನಿಮ್ಮ ಎತ್ತರಕ್ಕೆ ಸರಿಯಾಗಿದೆ, ನೀವು ಬೀಸಿದರೆ ಹುಲ್ಲಿನ ಮೇಲೆ ಅಲೆಯ ಹಾಗೆ ಹೋಗುತ್ತದೆ, ನಾನು ಬೀಸಿದರೆ ನನ್ನನ್ನೇ ಎಳೆದುಕೊಂಡು ಹೋಗುತ್ತದೆ. ಒಂಬತ್ತನೆಯದು ಮುಗಿಯುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. "ಒಂದ್ ಮೊಳ ಕುಯ್ದ್ ಬುಡು, ಅದೇನ್ ನಿಮ್ ಮಾವನ್ ಮೂಳೆಯಾ?" ಅಂತ ಚಾಮುಂಡಮ್ಮ ಕತ್ತಿ ಎತ್ತಿಕೊಂಡೇ ಬಂದಳು. ಗಳ ಮುಟ್ಟಿದರೆ ಮಾತೇ ಬಿಡುತ್ತೇನೆ ಎಂದು ಗದರಿದೆ.

ಇನ್ನು ನಿನ್ನೆಯ ಕಥೆ. ಈ ವರ್ಷ ಹುಣಸೂರಿನ ವರ್ತಕರು ನಾಲ್ಕಾರು ಜನ ಹೊಸದಾಗಿ ಮೆಂಬರಾಗಿದ್ದಾರೆ. ಮನುಷ್ಯರು ಒಳ್ಳೆಯವರೇ, ಆದರೆ ಗ್ರೀನಿನ ಮೇಲೆ ಸಂತೆಯಲ್ಲಿ ಓಡಾಡಿದಂತೆ ಓಡಾಡುತ್ತಾರೆ. ಇಂಗ್ಲಿಷಿನ ಬೋರ್ಡು ಇದೆ, ಇಂಗ್ಲಿಷು ಬಲ್ಲವರೂ ಅದನ್ನು ಓದುವುದಿಲ್ಲ. ಅದಕ್ಕೆ ಸೆಕ್ರೆಟರಿಯವರು, "ನೀನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೀಯಲ್ಲಮ್ಮ, ಕನ್ನಡದಲ್ಲಿ ಒಂದು ಚೀಟಿ ಬರೆದು ಪ್ರತಿ ಗ್ರೀನಿನ ಹತ್ತಿರ ನೆಡು" ಎಂದರು. ನಾನು ನಿಮ್ಮ ಬಾಯಲ್ಲಿ ಕೇಳಿದ್ದನ್ನೇ ರಟ್ಟಿನ ಮೇಲೆ ಬರೆದೆ: ಇದು ಮಡಿ. ಕಾಲು ಎಳೆಯಬೇಡಿ. ಚೆಂಡು ಬಿದ್ದು ಆದ ಗಾಯವನ್ನು ನೀವೇ ಮುಚ್ಚಿ. ಇನ್ನೊಬ್ಬರ ಚೆಂಡಿನ ದಾರಿ ತುಳಿಯಬೇಡಿ. ಹೊಡೆಯುವವರ ಎದುರು ಮಾತು ಬೇಡ, ನೆರಳೂ ಬೀಳಿಸಬೇಡಿ. ಮರಳು ಗುಂಡಿಯಿಂದ ಬರುವಾಗ ನಿಮ್ಮ ಹೆಜ್ಜೆ ಅಳಿಸಿ ಬನ್ನಿ. ಬರೆದು ಮುಗಿಸಿ ಚಾಮುಂಡಮ್ಮನಿಗೆ ಓದಿ ಹೇಳಿದರೆ ಅವಳ ಮುಖ ಸಣ್ಣಗಾಯಿತು. "ಮಡಿ ಅಂತೀಯ, ನೆಳ್ಳು ಬೀಳ್ಬಾರ್ದು ಅಂತೀಯ, ಯಾರ್ ನೆಳ್ಳವ್ವಾ?" ಎಂದಳು. ನನಗೆ ನಾಚಿಕೆಯಾಯಿತು. ಅದು ಆಟದ ನೆರಳು, ಇದು ಸಸಿ ಮಡಿಯ ಮಡಿ ಅಂತ ಬಿಡಿಸಿ ಹೇಳಿದೆ. ಅವಳು ನಕ್ಕು, "ಅಂಗಾದ್ರೆ ದಿನಾ ಈ ಮಡಿಗೆ ಎಲ್ರುಗಿಂತ ಮುಂಚೆ ಇಳಿಯೋರು ನಾವೇಯ" ಎಂದಳು. ಅವಳು ಕೇಳಿದಾಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ, ಚೀಟಿಗಳನ್ನು ಹಾಗೆಯೇ ನೆಟ್ಟೆ.

ಬೆಳಿಗ್ಗೆ ಏಳೂವರೆಗೆ ಮೊದಲ ಗುಂಪು. ಹೊಗೆಸೊಪ್ಪಿನ ವರ್ತಕರು ರುದ್ರಸ್ವಾಮಿಯವರು ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದಿದ್ದರು. ಮೊದಲನೇ ಗ್ರೀನಿನ ಹತ್ತಿರ ಚೀಟಿ ಓದಿದರು, ಬೂಟು ಬಿಚ್ಚಿದರು, ಕಾಲುಚೀಲವನ್ನು ಬೂಟಿನೊಳಗೆ ತುರುಕಿ ಬದಿಗಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಜೊತೆಗಿದ್ದ ಮಡಿಕೇರಿಯವರು ಯಾಕೆ ಅಂತ ಕೇಳಿದ್ದಕ್ಕೆ, "ಮಡಿ ಅಂತೆ ಕಣ್ರೀ. ಒಂದೊಂದ್ ಜಾಗುಕ್ಕೆ ಒಂದೊಂದ್ ಪದ್ಧತಿ, ನಮಗ್ಯಾಕೆ?" ಎಂದರು ಗಂಭೀರವಾಗಿ. ಅವರೂ ಬಿಚ್ಚಿದರು. ಹಿಂದಿನ ಗುಂಪು ಮುಂದಿನ ಗುಂಪನ್ನು ನೋಡಿ ಬಿಚ್ಚಿತು. ಮಾವ, ಒಂಬತ್ತು ಗಂಟೆಗೆ ಯಾವ ಗ್ರೀನು ನೋಡಿದರೂ ಪಕ್ಕದಲ್ಲಿ ಸಾಲಾಗಿ ಬೂಟು! ನಾನು ಬಾಯಿಗೆ ಸೆರಗು ತುರುಕಿಕೊಂಡು ಪಂಪ್ ಹೌಸಿನ ಹಿಂದೆ ಹೋಗಿ ನಿಂತೆ, ನಗು ಒಂದು ಕಡೆ, ಪಂದ್ಯವನ್ನೇ ಕೆಡಿಸಿದೆನಲ್ಲ ಎಂಬ ಭಯ ಇನ್ನೊಂದು ಕಡೆ.

ಸೆಕ್ರೆಟರಿಯವರು ಹುಡುಕಿಕೊಂಡೇ ಬಂದರು. "ಏನಮ್ಮಾ ಪುಷ್ಪಾ, ಕ್ಲಬ್ಬನ್ನು ದೇವಸ್ಥಾನ ಮಾಡಿಬಿಟ್ಟಿದ್ದೀಯಲ್ಲ!" ಅಂತ ಬೈಯಲು ಶುರುಮಾಡಿದವರು, ಮೊದಲು ಹುಲ್ಲು ತೋರಿಸು ಎಂದು ನನ್ನನ್ನು ಏಳನೇದಕ್ಕೇ ಕರೆದುಕೊಂಡು ಹೋದರು. ಅಷ್ಟರಲ್ಲಿ ರುದ್ರಸ್ವಾಮಿಯವರು ದೂರದಿಂದ ಹೊಡೆದ ಚೆಂಡು ಬಂದು ಎಲ್ಲಿ ಬೀಳಬಾರದೋ ಅಲ್ಲೇ ಬಿತ್ತು. ನನ್ನ ಹೊಸ ಬಿಲ್ಲೆಗಳ ನಡುವೆ ಹೆಬ್ಬೆರಳಿನಷ್ಟು ಆಳದ ಗಾಯ. ಅವರು ಬಂದು ಕುಕ್ಕರಗಾಲಲ್ಲಿ ಕೂತು, "ನಾನೇ ಮುಚ್ಬೇಕು ಅಂತ ಬರ್ದಿದ್ದೀಯಲ್ಲವ್ವಾ, ಎಂಗೆ ಮುಚ್ಚೋದು ಏಳ್ಕೊಡು" ಎಂದರು. ನಾನು ತಲೆಯಿಂದ ಹೇರ್‌ಪಿನ್ ತೆಗೆದುಕೊಟ್ಟು ನೀವು ನನಗೆ ಹೇಳಿಕೊಟ್ಟದ್ದನ್ನೇ ಹೇಳಿದೆ: ಅಡಿಯಿಂದ ಎತ್ತಬೇಡಿ, ಬೇರು ಹರಿಯುತ್ತದೆ. ಸುತ್ತಲ ಅಂಚನ್ನು ಮೆಲ್ಲಗೆ ಒಳಕ್ಕೆ ದೂಡಿ, ಆಮೇಲೆ ಅಂಗೈಯಲ್ಲಿ ಒತ್ತಿ. ಮೂವತ್ತು ವರ್ಷ ಹೊಗೆಸೊಪ್ಪಿನ ಎಲೆ ಮುಟ್ಟಿಯೇ ದರ್ಜೆ ಹೇಳಿದ ಬೆರಳುಗಳಲ್ಲವೇ, ಎಷ್ಟು ನಾಜೂಕಾಗಿ ಮುಚ್ಚಿದರೆಂದರೆ ಗಾಯ ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ. ಹೇರ್‌ಪಿನ್ ಮಾತ್ರ ವಾಪಸು ಕೊಡಲಿಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು.

ಪಂದ್ಯ ಮುಗಿದ ಮೇಲೆ ಸೆಕ್ರೆಟರಿಯವರು ಒಬ್ಬರೇ ಏಳನೇದಕ್ಕೆ ಹಿಂದಿರುಗಿ ಬಂದು, ತಾವೂ ಬೂಟು ಬಿಚ್ಚಿ, ಮಂಡಿಯೂರಿ ಹುಲ್ಲಿನ ಮೇಲೆ ಕೈಯಾಡಿಸಿದರು. ಒಂದು ಹಿಮ್ಮಡಿ ಗುರುತಿಲ್ಲ, ಒಂದು ಬೂಟಿನ ಮೊಳೆಯ ಗೀರಿಲ್ಲ. ಮಡಿಕೇರಿಯ ಕ್ಯಾಪ್ಟನ್ನರು ಇಂತಹ ಹುಲ್ಲಿನ ಮೇಲೆ ಆಡಿ ಎಷ್ಟೋ ವರ್ಷವಾಯಿತು ಅಂದರಂತೆ. ಕಂಟ್ರಾಕ್ಟರಿನ ಮಾತು ಅಲ್ಲಿಗೆ ಬಿತ್ತು, ಮಾವ. ಚೀಟಿಗಳನ್ನೂ ಕೀಳುವುದು ಬೇಡ ಎಂದರು. ನಾನು ತಪ್ಪನ್ನು ಒಪ್ಪಿಕೊಂಡು "ಸಸಿ" ಅಂತ ಮುಂದೆ ಸೇರಿಸುತ್ತೇನೆ ಎಂದರೆ, "ಇರಲಿ ಬಿಡಮ್ಮ, ಸೇರಿಸಿದರೆ ಎಲ್ಲರೂ ಮತ್ತೆ ಬೂಟು ಹಾಕಿಕೊಳ್ಳುತ್ತಾರೆ" ಎಂದು ನಕ್ಕರು. ನನಗೆ ಎಷ್ಟು ಸಂತೋಷವಾಯಿತೆಂದರೆ ಮನೆಗೆ ಬಂದು ಅತ್ತೆಯನ್ನು ತಬ್ಬಿಕೊಂಡೆ. ಅವರು ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದರು.

ಅಣ್ಣನವರಿಗೂ ಅತ್ತಿಗೆಗೂ ನಮ್ಮೆಲ್ಲರ ಶರಣು. ಮಕ್ಕಳಿಗೆ ನನ್ನ ಮುದ್ದು. ಅತ್ತೆ ಹುರಿಗಾಳು ಕಟ್ಟಿಟ್ಟಿದ್ದಾರೆ, ಕೋಟೆ ಬಸ್ಸಿನಲ್ಲಿ ಬರುವವರು ಸಿಕ್ಕರೆ ಕಳಿಸುತ್ತೇನೆ. ನಿಮ್ಮ ಹಲ್ಲಿಗೆ ಆಗುವುದಿಲ್ಲ, ಆಸೆ ಪಡಬೇಡಿ.

ಇಂತಿ ನಿಮ್ಮ ಹುಲ್ಲಿನಿಂದ ಹಸಿರಾದ ಕೈಯ ಸೊಸೆ,
ಪುಷ್ಪಾ

ಮತ್ತೊಂದು ಮಾತು. ಅತ್ತಿಗೆ, ಇದನ್ನು ನಿಧಾನವಾಗಿ ಓದಿ. ಸೆಕ್ರೆಟರಿಯವರು ಇನ್ನೊಂದನ್ನೂ ಹೇಳಿದರು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನ ಮಾವ ಕಂಠಪ್ಪನವರು ಇನ್ನು ಬಿಸಿಲಲ್ಲಿ ಬಗ್ಗಿ ಕೆಲಸ ಮಾಡಬಾರದು, ಮೇಸ್ತ್ರಿ ಅಂತ ನಿನ್ನ ಹೆಸರು ಬರೆಯಲೇ ಅಂದರು. ಮಾವನನ್ನು ಕೇಳಿ ಹೇಳುತ್ತೇನೆ ಅಂದೆ. ಮಾವ, ಕಣ್ಣು ಸರಿಯಾದ ಮೇಲೆ ನಿಮಗೇ ತಿಳಿಯುತ್ತದೆ, ಬೇರೆಯವರು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಹೋದ ಬೇಸಿಗೆಯಿಂದ ನೀವು ಕಿತ್ತ ಕಳೆಯಲ್ಲಿ ಅರ್ಧ ಒಳ್ಳೆಯ ಹುಲ್ಲೇ ಇರುತ್ತಿತ್ತು. ನಾನು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಮ್ಮ ಹಿಂದಿನಿಂದ ಬಂದು ಮತ್ತೆ ನೆಡುತ್ತಿದ್ದೆ. ನಿಮಗೆ ಬೇಸರವಾಗಬಾರದೆಂದು ಹೇಳಲಿಲ್ಲ. ನನಗೆ ಆ ಕೆಲಸ ಬೇಕು, ಮಾವ. ನೀವು ದಿನಾ ಬಂದು ಹೊಂಗೆ ಮರದ ಕೆಳಗೆ ಕೂತು ಬೈಯಿರಿ, ಬೈಸಿಕೊಂಡೇ ಮಾಡುತ್ತೇನೆ. ಉತ್ತರ ಉದ್ದಕ್ಕೆ ಬರೆಸಬೇಡಿ. ಗಳವನ್ನು ನನ್ನ ಎತ್ತರಕ್ಕೆ ಒಂದು ಮೊಳ "ಕುಯ್ಯಿ" ಅಂತಲೋ "ಬ್ಯಾಡ" ಅಂತಲೋ ಒಂದು ಕಾರ್ಡಿನಲ್ಲಿ ಬರೆಸಿದರೆ ಸಾಕು. ಗರಗಸವನ್ನು ನಿಮ್ಮ ಮಗನ ಕೈಲಿ ಸಾಮಿಲ್ಲಿನಿಂದ ತರಿಸಿಟ್ಟಿದ್ದೇನೆ, ಇನ್ನೂ ಮುಟ್ಟಿಲ್ಲ.